ಊರು ಬಿಡದೆ ಮುಪ್ಪಿಗೆ ಅಣಿಯಾಗುವುದು: ಕಾಸರಗೋಡಿನವರಿಗೊಂದು ನಿವೃತ್ತಿ ಮಾರ್ಗದರ್ಶಿ

ಪ್ರತಿ ವರ್ಷ ಮೇ 31 ಬಂತೆಂದರೆ ಕೇರಳದಲ್ಲಿ ಸಾವಿರಾರು ಸರ್ಕಾರಿ ನೌಕರರು ಒಂದೇ ದಿನ ನಿವೃತ್ತರಾಗುತ್ತಾರೆ. ಜನನ ಪ್ರಮಾಣಪತ್ರ ಕಡ್ಡಾಯವಿಲ್ಲದ ಕಾಲದಲ್ಲಿ, ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಪ್ರಾಯದ ಲೆಕ್ಕ ಸರಿಹೋಗಲೆಂದು ಮೇ ತಿಂಗಳ ತಾರೀಖನ್ನೇ ಬರೆದುಕೊಳ್ಳುತ್ತಿದ್ದುದರ ಫಲ ಇದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕನ್ನಡ ಶಾಲೆಗಳ ಅಧ್ಯಾಪಕರೂ ಆ ಪಟ್ಟಿಯಲ್ಲಿರುತ್ತಾರೆ. ವಯಸ್ಸು 56. 2013ರ ಏಪ್ರಿಲ್ 1ರಂದು ಅಥವಾ ನಂತರ ಕೆಲಸಕ್ಕೆ ಸೇರಿದವರಿಗೆ ಮಾತ್ರ 60.

56 ಎಂದರೆ ಮುಪ್ಪಲ್ಲ. ಇನ್ನೂ ಇಪ್ಪತ್ತೈದು ಮೂವತ್ತು ವರ್ಷದ ಬದುಕು ಮುಂದಿರಬಹುದು. ಅದಕ್ಕೆ ತಯಾರಿ ಎಂದಕೂಡಲೇ ನಮ್ಮವರು ದುಡ್ಡಿನ ಲೆಕ್ಕಕ್ಕೆ ಕೂರುತ್ತಾರೆ. ದುಡ್ಡು ಬೇಕು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅದಕ್ಕಿಂತ ಮುಖ್ಯವಾದದ್ದೊಂದಿದೆ. ನಮಗೆ ಬೇಕಾದ ಡಾಕ್ಟರು, ಬ್ಯಾಂಕು, ಗೆಳೆಯರು, ಕೆಲಸ ಇವೆಲ್ಲ ಮನೆಯಿಂದ ನಡೆದೋ ಆಟೋದಲ್ಲೋ ಹೋಗಿ ಮುಟ್ಟುವಷ್ಟು ಹತ್ತಿರದಲ್ಲಿರಬೇಕು. ಅದನ್ನು ಕೈಕಾಲು ಗಟ್ಟಿಯಿರುವಾಗಲೇ ಕಟ್ಟಿಕೊಳ್ಳಬೇಕು. ಮಕ್ಕಳು ಬೆಂಗಳೂರಲ್ಲೋ ಗಲ್ಫ್‌ನಲ್ಲೋ ಇರುವ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ತಯಾರಿ ಇಲ್ಲ.

ಮೊದಲು ಹೆಸರು ಸರಿಮಾಡಿಕೊಳ್ಳಿ

ನಿವೃತ್ತಿಗೆ ಎರಡು ವರ್ಷವಿರುವಾಗ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಸರ್ವಿಸ್ ಬುಕ್ಕಿನ ಪ್ರತಿ, ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಜಾಗದ ತೆರಿಗೆ ರಶೀದಿ ಇಷ್ಟನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರನ್ನು ಒಂದೊಂದರಲ್ಲೂ ಅಕ್ಷರ ಅಕ್ಷರ ಓದಿ. ನಮ್ಮಲ್ಲಿ ತೊಂದರೆ ಹುಟ್ಟುವುದೇ ಇಲ್ಲಿ. ಒಂದರಲ್ಲಿ ಮನೆಹೆಸರು ಮುಂದಿದ್ದರೆ ಇನ್ನೊಂದರಲ್ಲಿ ಇನಿಶಿಯಲ್ ಹಿಂದಿರುತ್ತದೆ. ಶಾಲೆಯ ದಾಖಲೆಯಲ್ಲಿ ಕನ್ನಡದ ಉಚ್ಚಾರದಂತೆ ಬರೆದ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳದ ಉಚ್ಚಾರಕ್ಕೆ ತಿರುಗಿರುತ್ತದೆ. ಭಟ್ಟರು ಭಟ್ ಆಗಿ, ಶೆಟ್ಟಿ ಬಿಟ್ಟುಹೋಗಿ, ಹೆಂಡತಿಯ ಹೆಸರಿನ ಕೊನೆಯ 'ಅಮ್ಮ' ಕಾಣೆಯಾಗಿ ಎಲ್ಲವೂ ಬೇರೆ ಬೇರೆ ಜನರ ದಾಖಲೆಯಂತೆ ಕಾಣಿಸುತ್ತವೆ. ತಿದ್ದಲು ಆಗುವುದನ್ನು ತಿದ್ದಿಸಿ. ಆಗದ್ದಕ್ಕೆ ಸರ್ಕಾರಿ ಆನ್‌ಲೈನ್ ಸೇವೆ ಸಿಗುವ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿ, ಇಬ್ಬರೂ ಒಬ್ಬರೇ ಎಂದು ವಿಲೇಜ್ ಆಫೀಸರ್ ಕೊಡುವ 'ವನ್ ಆ್ಯಂಡ್ ಸೇಮ್' ಸರ್ಟಿಫಿಕೇಟ್ ಮಾಡಿಸಿಡಿ. ಬೀಡಿ ಕಟ್ಟಿದ ಹೆಂಗಸರ ಪಿ.ಎಫ್. ಪಿಂಚಣಿಗೂ ಈ ಕೆಲಸ ಅಷ್ಟೇ ಮುಖ್ಯ. ವರ್ಷಗಟ್ಟಲೆ ಬೆರಳು ಸವೆಸಿದವರ ಹಣ ಒಂದು ಅಕ್ಷರದ ವ್ಯತ್ಯಾಸಕ್ಕೆ ನಿಂತುಹೋಗಬಾರದು.

ಅರ್ಜಿ ಬರೆಯಲು ಮಲಯಾಳ ಬಾರದೆಂದು ಹಿಂಜರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ರಾಜ್ಯದ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಆದರೂ ನನ್ನ ಸಲಹೆ ಬೇರೆ: ಮಲಯಾಳ ಓದಲು ಬಾರದವರು ನಿವೃತ್ತಿಯ ಮೊದಲ ವರ್ಷದಲ್ಲಿ ಅದನ್ನು ಕಲಿಯಿರಿ. ಔಷಧದ ಚೀಟಿ, ಬಸ್ಸಿನ ಬೋರ್ಡು, ಪಂಚಾಯತಿನ ನೋಟಿಸು ಓದಲು ಇನ್ನೊಬ್ಬರನ್ನು ಕಾಯುವುದು ತಪ್ಪುತ್ತದೆ. ಹೊಸ ಲಿಪಿ ಕಲಿಯುವುದು ಮೆದುಳಿಗೂ ಒಳ್ಳೆಯ ವ್ಯಾಯಾಮ.

ಕೈಗೆ ಬಂದ ಹಣವನ್ನು ಮೂರು ತಿಂಗಳೊಳಗೆ ಎಲ್ಲಿಡಬೇಕು

ಗ್ರಾಚ್ಯುಯಿಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆಯುವುದು), ಪಿ.ಎಫ್. ಎಲ್ಲ ಸೇರಿ ಜೀವನದಲ್ಲಿ ಮೊದಲ ಬಾರಿಗೆ ದೊಡ್ಡ ಮೊತ್ತ ಖಾತೆಗೆ ಬಂದಾಗ ಸಲಹೆ ಕೊಡುವವರೂ ಸಾಲ ಕೇಳುವವರೂ ಒಟ್ಟಿಗೇ ಬರುತ್ತಾರೆ. ಮೊದಲ ತಿಂಗಳು ಯಾರಿಗೂ ಮಾತು ಕೊಡಬೇಡಿ. ಮನೆಗೆ ಹೊಸ ಮಹಡಿ, ಮಗನಿಗೆ ಕಾರು ಎಲ್ಲವೂ ಆರು ತಿಂಗಳು ಕಾಯಲಿ.

ಕಾಯಬಾರದ ಸಂಗತಿ ಒಂದಿದೆ. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ತುಂಬಿರಬೇಕು. ಆದರೆ 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಸೇರಿಕೊಳ್ಳಬಹುದು. ಆ ಅವಧಿ ದಾಟಿದರೆ 60 ತುಂಬುವವರೆಗೆ ಬಾಗಿಲು ಮುಚ್ಚಿದಂತೆ. 56ಕ್ಕೆ ನಿವೃತ್ತರಾಗುವ ನಮ್ಮವರು ಇದನ್ನು ಗಮನಿಸದೆ ಹಣವನ್ನು ಉಳಿತಾಯ ಖಾತೆಯಲ್ಲೇ ಬಿಡುತ್ತಾರೆ. ಗರಿಷ್ಠ ಮಿತಿ 30 ಲಕ್ಷ, ಅಥವಾ ನಿಮಗೆ ಬಂದ ನಿವೃತ್ತಿ ಹಣ, ಯಾವುದು ಕಡಿಮೆಯೋ ಅದು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2ಕ್ಕೇರಿತು. ಖಾತೆ ತೆರೆದ ದಿನದ ದರವೇ ಐದು ವರ್ಷ ಉಳಿಯುತ್ತದೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಅಡಿಕೆಯ ಧಾರಣೆ ಏರಿದರೂ ಇಳಿದರೂ ತೋಟಕ್ಕೆ ಮಹಾಳಿ (ಕೊಳೆರೋಗ) ಬಂದರೂ ಈ ಬಡ್ಡಿ ಬರುತ್ತಲೇ ಇರುತ್ತದೆ.

ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನ ಬಗ್ಗೆ ಒಂದು ಮಾತು. ಅಲ್ಲಿನ ಸೆಕ್ರೆಟರಿ ನಮ್ಮ ಹಳೆಯ ವಿದ್ಯಾರ್ಥಿ, ನಿರ್ದೇಶಕರು ನಮ್ಮ ನೆಂಟರು. ಬಡ್ಡಿಯೂ ತುಸು ಹೆಚ್ಚು. ವಿಶ್ವಾಸ ಸಹಜ. ಆದರೆ ವಾಣಿಜ್ಯ ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರುವರಿಯಿಂದ ಇರುವ ತಲಾ 5 ಲಕ್ಷದ ಠೇವಣಿ ವಿಮೆ ಪ್ರಾಥಮಿಕ ಸಹಕಾರಿ ಸಂಘಗಳಿಗೆ ಅನ್ವಯಿಸುವುದಿಲ್ಲ. ಅವುಗಳಿಗಾಗಿ ರಾಜ್ಯದ ಖಾತರಿ ನಿಧಿ ಬೇರೆ ಇದೆ. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ನಿವೃತ್ತಿಯ ಹಣವಷ್ಟನ್ನೂ ಒಂದೇ ಸಂಸ್ಥೆಯಲ್ಲಿಡಬೇಡಿ, ಎಷ್ಟೇ ಆಪ್ತರಿರಲಿ.

ಎಲ್ಲ ಖಾತೆಗೂ ನಾಮನಿರ್ದೇಶನ ಆಗಿದೆಯೇ ನೋಡಿ. ಹೆಂಡತಿ ಅಥವಾ ಗಂಡನೊಡನೆ ಜಂಟಿ ಖಾತೆ ಮಾಡಿ. ಪೊಲೀಸರೆಂದು ಹೇಳಿ ವಿಡಿಯೋ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿದರೆ ಕರೆ ಕತ್ತರಿಸಿ; ಕಾನೂನಿನಲ್ಲಿ ಅಂಥದ್ದೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣಪತ್ರಕ್ಕೆ ಈಗ ಟ್ರೆಷರಿಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅಕ್ಷಯ ಕೇಂದ್ರದಲ್ಲಿ ಆಗುತ್ತದೆ, ನಡೆಯಲಾಗದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ.

ಜಾಗ ಬರೆದುಕೊಡುವ ಮುನ್ನ

ತೋಟವನ್ನು ಮಕ್ಕಳ ಹೆಸರಿಗೆ ಈಗಲೇ ಮಾಡಿಬಿಟ್ಟರೆ ನಿಶ್ಚಿಂತೆ ಎಂಬ ಮಾತನ್ನು ಎಲ್ಲ ಮನೆಯಲ್ಲೂ ಕೇಳುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ದಾನಪತ್ರ ಮಾಡಿದ ದಿನವೇ ಜಾಗ ನಿಮ್ಮದಲ್ಲ. ಉಯಿಲು ಮಾಡಿದರೆ ನೀವಿರುವವರೆಗೂ ನಿಮ್ಮದು, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ಉಯಿಲಿಗೆ ಮುದ್ರಾಂಕ ಕಾಗದ ಬೇಡ, ಇಬ್ಬರು ಸಾಕ್ಷಿಗಳಿರಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ನಾಳೆ ತಕರಾರು ಕಡಿಮೆ.

ದಾನಪತ್ರವೇ ಆಗಬೇಕೆಂದಾದರೆ, ಕೊನೆಯವರೆಗೆ ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತಿಲ್ಲದ ಪತ್ರ ಹಿಡಿದುಕೊಂಡು ಹೋರಾಡುವುದು ಬಹಳ ಕಷ್ಟ. ಇನ್ನು ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ಮನೆಗಳು: ಕೇರಳದಲ್ಲಿ ಆ ಅವಿಭಕ್ತ ಪದ್ಧತಿಯನ್ನು 1975ರ ಕಾಯ್ದೆ ತೆಗೆದುಹಾಕಿತು, ಆದರೆ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ, ಮತ್ತು ಅದರ ಸುತ್ತಿನ ಜಾಗ ಇಂದಿಗೂ ಹಲವರ ಹೆಸರಲ್ಲೇ ಉಳಿದಿರುವುದುಂಟು. ಹಿರಿಯರು ಬದುಕಿದ್ದು ನೆನಪು ಚೆನ್ನಾಗಿರುವಾಗಲೇ ಅದನ್ನು ಬಗೆಹರಿಸಿಕೊಳ್ಳಿ.

ಎಣ್ಮಕಜೆ ಮತ್ತು ಸುತ್ತಿನ ಪಂಚಾಯತುಗಳ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಮನೆಗಳಲ್ಲಿ ತಂದೆತಾಯಿಗಳ ಪ್ರಶ್ನೆಯೇ ಬೇರೆ. ನಲವತ್ತು ದಾಟಿದ ಮಗನನ್ನು ಎಪ್ಪತ್ತರ ತಾಯಿ ಎತ್ತಿ ಮೀಯಿಸುವ ಮನೆಗಳು ಅವು. ನಮ್ಮ ನಂತರ ಇವನಿಗೆ ಯಾರು? ಇದಕ್ಕೆ ಪೂರ್ತಿ ಉತ್ತರ ಕೊಡುವ ಕಾಯ್ದೆ ಇಲ್ಲ, ಆದರೆ ಒಂದು ದಾರಿಯಿದೆ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವೈಕಲ್ಯ ಇರುವ 18 ದಾಟಿದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಮಟ್ಟದ ಸಮಿತಿಯಿಂದ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ಅದೇ ಕಾಯ್ದೆಯ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಆರೋಗ್ಯ ವಿಮೆ ಇದೆ. ಕಲೆಕ್ಟರೇಟಿನಲ್ಲಿ ವಿಚಾರಿಸಿ. ತಂದೆತಾಯಿ ಇಬ್ಬರೂ ಇರುವಾಗಲೇ ಅರ್ಜಿ ಹಾಕಿ, ತಂಗಿಯೋ ಅಣ್ಣನ ಮಗನೋ ಯಾರಾದರೊಬ್ಬರು ಒಪ್ಪಿದ್ದಾರೆಂದು ಬರಹದಲ್ಲಿರಲಿ.

ಕಾಲಿನ ಬಲ, ಅಂಗಳದ ಪಾಚಿ

ನಮ್ಮೂರ ಹಿರಿಯರನ್ನು ಹಾಸಿಗೆ ಹಿಡಿಸುವುದು ಎಷ್ಟೋ ಸಲ ದೊಡ್ಡ ರೋಗವಲ್ಲ, ಒಂದು ಜಾರಾಟ. ಅಡುಗೆಮನೆಯ ಹಿಂಬಾಗಿಲಿನಿಂದ ಬಚ್ಚಲಿಗೆ ಇಳಿಯುವ ಆ ಎರಡು ಮುರಕಲ್ಲಿನ ಮೆಟ್ಟಿಲು ನೋಡಿ. ಮಾಡಿನ ನೀರು ನೇರ ಅದರ ಮೇಲೇ ಬೀಳುತ್ತದೆ. ಆಟಿ (ಆಷಾಢದ ಮಳೆ ತಿಂಗಳು) ಬರುವ ಹೊತ್ತಿಗೆ ಕಪ್ಪು ಹಸಿರು ಪಾಚಿ ಹಿಡಿದು ಎಣ್ಣೆ ಸವರಿದಂತಿರುತ್ತದೆ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಟಾರ್ಚು, ಕಾಲಲ್ಲಿ ಅಡಿ ಸವೆದ ಹವಾಯಿ ಚಪ್ಪಲಿ. ಸೊಂಟದ ಮೂಳೆ ಮುರಿಯಲು ಇಷ್ಟು ಸಾಕು.

ಮೇ ತಿಂಗಳಲ್ಲೇ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಮಳೆಗಾಲದ ನಡುವೆ ಇನ್ನೊಮ್ಮೆ. ಮೆಟ್ಟಿಲಿಗೆ ಒಂದು ಕಬ್ಬಿಣದ ಹಿಡಿಕೆ, ಬಚ್ಚಲಿನ ಗೋಡೆಗೆ ಇನ್ನೊಂದು. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು. ಚಪ್ಪಲಿಯನ್ನು ಜೂನ್‌ಗೆ ಮೊದಲೇ ಬದಲಿಸಿ. ಸಾಧ್ಯವಿದ್ದವರು ಮನೆಯೊಳಗೇ ಒಂದು ಕಮೋಡ್ ಕಟ್ಟಿಸಲಿ. ಹೊಸ ಮಹಡಿಗಿಂತ ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೆ.

ಬಿದ್ದರೂ ಮುರಿಯದಿರಲು ಕಾಲಿನ ಸ್ನಾಯು ಗಟ್ಟಿಯಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು. ನಾನು ದಿನವಿಡೀ ತೋಟದಲ್ಲಿ ಓಡಾಡುತ್ತೇನಲ್ಲ ಎನ್ನುವವರಿದ್ದಾರೆ. ಅಡಿಕೆ ಹೆಕ್ಕುವುದರಿಂದ ಸೊಂಟ ಬಗ್ಗುತ್ತದೆಯೇ ಹೊರತು ತೊಡೆಯ ಬಲ ತಾನಾಗಿ ಬರುವುದಿಲ್ಲ. ಹೀಗೆ ಮಾಡಿ: ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಕೈಯೂರದೆ ಎದ್ದು ನಿಲ್ಲಿ, ನಿಧಾನವಾಗಿ ಕುಳಿತುಕೊಳ್ಳಿ. ಹತ್ತು ಸಲ. ಕೂರುವಾಗ ಧೊಪ್ಪೆಂದು ಬೀಳಬಾರದು, ಇಳಿಯುವ ಆ ಮೂರು ಸೆಕೆಂಡಿನಲ್ಲೇ ಸ್ನಾಯು ದುಡಿಯುವುದು. ಆಮೇಲೆ ಚಾವಡಿಯ ಕಂಬ ಹಿಡಿದು ಒಂದು ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿ, ಮತ್ತೆ ಇನ್ನೊಂದು ಕಾಲು. ಮೊದಲ ವಾರ ಐದೇ ಸಲ ಸಾಧ್ಯವಾದರೂ ಸರಿ. ಮೊಣಕಾಲು, ಹೃದಯದ ತೊಂದರೆಯಿದ್ದವರು ಡಾಕ್ಟರನ್ನು ಕೇಳಿ ಶುರುಮಾಡಿ.

ಮರ ಹತ್ತುವುದನ್ನು ಬಿಡಿ. ಕಾರ್ಬನ್ ಫೈಬರಿನ ದೋಟಿ ಬಂದಮೇಲೆ ಅಡಿಕೆ ಕೊನೆ ಕೊಯ್ಯಲು, ಬೋರ್ಡೋ ಮದ್ದು ಬಿಡಲು ನೆಲದಲ್ಲೇ ನಿಂತರಾಯಿತು. ಅದನ್ನೂ ಕಲಿತ ಯುವಕರಿಗೆ ಒಪ್ಪಿಸಿದರೆ ಕುತ್ತಿಗೆ ಉಳಿಯುತ್ತದೆ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಮಣ್ಣು ತೆಗೆಯಲು ಒಬ್ಬರೇ ಒಳಗೆ ಹೋಗಬೇಡಿ. ಮಳೆಗಾಲದಲ್ಲಿ ಕಾಲಲ್ಲಿ ಗಾಯವಿಟ್ಟುಕೊಂಡು ಗದ್ದೆ ತೋಟದ ಕೆಸರು ನೀರಿಗಿಳಿಯುವವರಿಗೆ ಇಲಿಜ್ವರದ ಭಯವಿದೆ. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮುಂಜಾಗ್ರತೆಯ ಡಾಕ್ಸಿಸೈಕ್ಲಿನ್ ಬಗ್ಗೆ ಕೇಳಿ, ಗಂಬೂಟು ಹಾಕಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಮ್ಮ ಅಡುಗೆ ಒಳ್ಳೆಯದೇ. ಕುಚ್ಚಲಕ್ಕಿ ಗಂಜಿಯ ಜೊತೆ ಉಪ್ಪಿನಕಾಯಿ ಹಪ್ಪಳ ಮಾತ್ರ ಸಾಲದು, ಹೆಸರುಕಾಳೋ ಹುರುಳಿಯೋ ಮೊಸರೋ, ತಿನ್ನುವವರಿಗೆ ಬೂತಾಯಿ ಬಂಗುಡೆಯೋ ಇರಲಿ. ವಯಸ್ಸಾದಂತೆ ಸ್ನಾಯು ಉಳಿಯಲು ಪ್ರೋಟೀನ್ ಬೇಕು. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನ ಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ), ಉಪ್ಪಿನಕಾಯಿ ಇವೆಲ್ಲ ಆ ಲೆಕ್ಕದೊಳಗೇ ಬರಬೇಕು. ಅಡಿಕೆ ಬೆಳೆದು ಬದುಕುವ ನಾಡಿನಲ್ಲಿ ಹೇಳಲು ನೋವಾಗುತ್ತದೆ, ಆದರೂ ಹೇಳಲೇಬೇಕು: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ. ಎಲೆಯಡಿಕೆ ಹಾಕುವವರು ಬಿಡುವುದು ಉತ್ತಮ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರವಾದರೂ ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ತೋರಿಸಿ.

ಡಾಕ್ಟರು ಗಡಿಯ ಈಚೆಗೂ ಇರಲಿ

ತಲೆನೋವಿಗೂ ಮಂಗಳೂರಿಗೆ ಹೋಗುವುದು ನಮ್ಮ ಅಭ್ಯಾಸ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ಕೊನೆಗೆ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಡಯಾಲಿಸಿಸ್, ಹೃದಯದ ಚಿಕಿತ್ಸೆಗೆ ಆ ಕಡೆಯನ್ನೇ ನೆಚ್ಚಿದವರ ಪಾಡು ಏನಾಯಿತೆಂದು ನಮಗೆಲ್ಲ ಗೊತ್ತು. ದೊಡ್ಡ ಚಿಕಿತ್ಸೆಗೆ ಮಂಗಳೂರು ಇರಲಿ. ದಿನನಿತ್ಯದ ರಕ್ತದೊತ್ತಡ, ಸಕ್ಕರೆಗೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದ ಜೀವನಶೈಲಿ ರೋಗ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ, ಮಾತ್ರೆ ಅಲ್ಲೇ ಸಿಗುತ್ತದೆ. ನಿಮ್ಮನ್ನು ಗುರುತು ಹಿಡಿಯುವ ಡಾಕ್ಟರೊಬ್ಬರು ಹತ್ತು ನಿಮಿಷದ ದೂರದಲ್ಲಿರುವುದರ ಬೆಲೆ ರಾತ್ರಿ ಎರಡು ಗಂಟೆಗೆ ತಿಳಿಯುತ್ತದೆ. ಆಶಾ ಕಾರ್ಯಕರ್ತೆಯ ನಂಬರು, 108, ಹಿರಿಯರ ಸಹಾಯವಾಣಿ 14567 ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಬಳಿ ಅಂಟಿಸಿ.

ಸರ್ಕಾರಿ ಪಿಂಚಣಿದಾರರಿಗೆ 2022ರ ಜುಲೈಯಿಂದ ಮೆಡಿಸೆಪ್ ವಿಮೆ ಇದೆ. ನೀವು ಹೋಗುವ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ, ನಿಮ್ಮ ಕಾಯಿಲೆಗೆ ಆ ಆಸ್ಪತ್ರೆಯಲ್ಲಿ ಸೌಲಭ್ಯ ಕೊಡುತ್ತಾರೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ. ಕಣ್ಣಿನ ಪೊರೆ, ಕಿವಿ, ಹಲ್ಲು ಮೂರನ್ನೂ ವರ್ಷಕ್ಕೊಮ್ಮೆ ತೋರಿಸಿ. ಕಿವಿ ಕೇಳದವರು ಮೆಲ್ಲಗೆ ಜನರಿಂದ ದೂರ ಸರಿಯುತ್ತಾರೆ, ಮನೆಯವರಿಗದು ಸಿಡುಕಾಗಿ ಕಾಣುತ್ತದೆ. ಯಂತ್ರ ಹಾಕಿಕೊಳ್ಳಲು ನಾಚಿಕೆ ಬೇಡ.

ಯಾರಾದರೂ ನಿಮಗಾಗಿ ಕಾಯುತ್ತಿರಬೇಕು

ಹಣ, ಆರೋಗ್ಯ ಎರಡೂ ಇದ್ದು ಎರಡೇ ವರ್ಷದಲ್ಲಿ ಬಾಡಿಹೋದವರನ್ನು ಎಲ್ಲ ಊರಲ್ಲೂ ಕಾಣುತ್ತೇವೆ. ಮೂವತ್ತು ವರ್ಷ ಗಂಟೆ ಹೊಡೆದ ಕೂಡಲೇ ಎದ್ದವರಿಗೆ ಯಾರೂ ಕಾಯದ ಸೋಮವಾರ ಬಹಳ ಭಾರ. ಹವ್ಯಾಸವಿಟ್ಟುಕೊಳ್ಳಿ ಎಂಬ ಸಲಹೆ ನನಗೆ ಸಾಕೆನಿಸುವುದಿಲ್ಲ. ಹವ್ಯಾಸವನ್ನು ಒಬ್ಬರೇ ಮಾಡಬಹುದು, ಮಾಡದಿದ್ದರೂ ನಡೆಯುತ್ತದೆ. ಬೇಕಾದದ್ದು ನೀವು ಹೋಗದಿದ್ದರೆ 'ಇವತ್ತು ಮಾಷ್ಟ್ರು ಬರಲಿಲ್ಲ ಏಕೆ' ಎಂದು ಫೋನ್ ಬರುವ ಒಂದು ಜಾಗ.

ಅಂಥ ಜಾಗಗಳು ನಮ್ಮಲ್ಲಿ ಧಾರಾಳ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ಸುತ್ತಮುತ್ತ ತಾಳಮದ್ದಳೆಯ ಸಂಘಗಳಿಗೆ ಬರವಿಲ್ಲ. ಅರ್ಥ ಹೇಳಲು, ಅಂದರೆ ಪಾತ್ರವಾಗಿ ಮಾತಾಡಲು ಬಾರದವರು ಶ್ರುತಿ ಹಿಡಿಯಬಹುದು, ಪ್ರಸಂಗದ ಪುಸ್ತಕ ಜೋಡಿಸಬಹುದು, ಚಹಾದ ವ್ಯವಸ್ಥೆ ನೋಡಬಹುದು. ಅರ್ಥ ಹೇಳುವವರಿಗಂತೂ ಪದ್ಯ ನೆನಪಿಡುವುದು, ಎದುರಿನವರ ಮಾತಿಗೆ ಅಲ್ಲೇ ಉತ್ತರ ಹೊಸೆಯುವುದು ಎಂಥ ಮೆದುಳಿನ ಕಸರತ್ತು! ಭಜನಾ ಮಂದಿರ, ಊರ ವಾಚನಾಲಯ, ಹೆಂಗಸರ ಕುಟುಂಬಶ್ರೀ ಸ್ವಸಹಾಯ ಘಟಕ, ಹಾಲಿನ ಸೊಸೈಟಿ ಯಾವುದಾದರೂ ಆಗಲಿ. ಕನ್ನಡ ಶಾಲೆಗಳಲ್ಲಿ ವಾರಕ್ಕೊಂದು ಗಂಟೆ ಮಕ್ಕಳಿಗೆ ಕಥೆ ಓದಿಹೇಳಲು ಮುಂದಾಗಿ. ಮನೆಯಲ್ಲಿ ತುಳುವೋ ಮರಾಠಿಯೋ ಮಲಯಾಳವೋ ಕೊಂಕಣಿಯೋ ಆಡಿ ಕನ್ನಡ ಮಾಧ್ಯಮಕ್ಕೆ ಬರುವ ಮಕ್ಕಳಿಗೆ, ಅವಸರವಿಲ್ಲದ ಅಜ್ಜ ಅಜ್ಜಿಯೊಬ್ಬರ ಬಾಯಿಂದ ಒಳ್ಳೆಯ ಕನ್ನಡ ಕೇಳುವುದು ಬಹಳ ದೊಡ್ಡ ಸಹಾಯ.

ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪನದಿಂದ ಬಿಡುಗಡೆಯಾದ ಮೇಲೂ ಬದಿಯಡ್ಕದಲ್ಲೇ ನಿಂತು ಕೃಷಿ, ಬರವಣಿಗೆ, ಕಾಸರಗೋಡಿನ ಕನ್ನಡದ ಹೋರಾಟ ಮೂರನ್ನೂ ನಡೆಸಿದರು. 1915ರಲ್ಲಿ ಹುಟ್ಟಿ 2015ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಅವರಷ್ಟು ಎಲ್ಲರಿಂದಲೂ ಆಗಬೇಕಿಲ್ಲ. ಆದರೆ ನಿವೃತ್ತಿಗೆ ಎರಡು ವರ್ಷ ಮೊದಲೇ ಇಂಥದ್ದೊಂದಕ್ಕೆ ಸೇರಿಕೊಳ್ಳಿ. ಅಧಿಕಾರವಿದ್ದಾಗ ಸೇರಿದವರನ್ನು ಅಧಿಕಾರ ಹೋದಮೇಲೂ ಉಳಿಸಿಕೊಳ್ಳುತ್ತಾರೆ, ಆಮೇಲೆ ಹೊಸಬರಾಗಿ ಹೋಗುವುದು ಕಷ್ಟ.

ಮನೆಯೊಳಗೂ ಒಂದು ಕೆಲಸವಿದೆ. ಗಂಡ ನಿವೃತ್ತನಾದರೆ ಹೆಂಡತಿಯ ಕೆಲಸ ಹೆಚ್ಚುತ್ತದೆ: ಹಗಲಿಡೀ ಒಬ್ಬರು ಜಾಸ್ತಿ, ನಾಲ್ಕು ಸಲ ಚಹಾ. ಗಂಡಸರು ಗಂಜಿ ಬೇಯಿಸಲು, ಒಂದು ಸಾರು ತಂಬುಳಿ ಮಾಡಲು, ತಮ್ಮ ಬಟ್ಟೆ ಒಗೆಯಲು ಕಲಿಯಲಿ. ಹೆಂಗಸರು ಎ.ಟಿ.ಎಂ., ತೆರಿಗೆ ರಶೀದಿ, ಪಂಪಿನ ಸ್ವಿಚ್ಚು, ಅಡಿಕೆ ಮಾರುವ ವ್ಯವಹಾರ ಕಲಿಯಲಿ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುವವರೇ, ಉಳಿದವರು ಕುಡಿಯುವ ನೀರಿಗೂ ಪರದಾಡಬಾರದು.

ಬೆಂಗಳೂರಿಗೆ ಹೋಗಬೇಕೇ?

ಮಕ್ಕಳು ಕರೆಯುತ್ತಾರೆ, ಪ್ರೀತಿಯಿಂದಲೇ. ಹೋಗಿ, ಆದರೆ ತೋಟ ಮಾರಿ ಹೋಗಬೇಡಿ. ಮೊದಲು ಮೂರು ತಿಂಗಳು ಇದ್ದು ನೋಡಿ, ಅದರಲ್ಲಿ ಶಾಲೆಯ ರಜೆಯಿಲ್ಲದ ತಿಂಗಳೂ ಇರಲಿ; ಎಲ್ಲರೂ ಹೊರಟುಹೋದ ಫ್ಲ್ಯಾಟಿನ ಮಧ್ಯಾಹ್ನ ಹೇಗಿರುತ್ತದೆಂದು ಆಗಲೇ ತಿಳಿಯುವುದು. ಹಿಡಿಸಿದರೆ ಒಂದು ವರ್ಷಕ್ಕೆ ತೋಟವನ್ನು ಗೇಣಿಗೆ ಕೊಡದೆ, ನಂಬಿಕೆಯವರಿಗೆ ಸಂಬಳಕ್ಕೆ ನೋಡಿಕೊಳ್ಳಲು ಕೊಟ್ಟು ಹೋಗಿ.

ಊರಲ್ಲೇ ಉಳಿಯುವವರಿಗೆ ಕೇರಳದಲ್ಲಿ ಒಂದು ದೊಡ್ಡ ಬೆಂಬಲವಿದೆ. 2008ರಲ್ಲೇ ಈ ರಾಜ್ಯ ಉಪಶಾಮಕ ಚಿಕಿತ್ಸೆಗೆ ನೀತಿ ರೂಪಿಸಿತು. ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಮನೆಗೇ ಬಂದು ಹಾಸಿಗೆ ಹಿಡಿದವರ ಗಾಯ ತೊಳೆದು, ಟ್ಯೂಬು ಬದಲಿಸಿ, ನೋವಿಗೆ ಮದ್ದು ಕೊಡುವ ವ್ಯವಸ್ಥೆ ಇದು. ಸಾಯುವವರಿಗೆ ಮಾತ್ರ ಎಂದು ತಿಳಿದು ಹೆಸರು ಬರೆಸದೆ ನರಳುವವರಿದ್ದಾರೆ. ಪಾರ್ಶ್ವವಾಯು ಬಡಿದು ಮಲಗಿದವರಿಗೂ ಅದು ಸಿಗುತ್ತದೆ.

ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕೇ ಬೇಡವೇ ಎಂಬುದನ್ನೂ ಈಗಲೇ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟು ಇದನ್ನು ಮಾನ್ಯಮಾಡಿ, 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ನಿರ್ಧಾರ ಹೇಳುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ದೂರದಲ್ಲಿರುವ ಮಗನಿಗಿಂತ ಒಂದು ಗಂಟೆಯಲ್ಲಿ ಆಸ್ಪತ್ರೆ ಮುಟ್ಟಬಲ್ಲ ತಮ್ಮನೋ ಸೊಸೆಯೋ ಆ ಹೆಸರಾಗಿದ್ದರೆ ಒಳ್ಳೆಯದು. ಒಂದು ಪ್ರತಿ ಅವರ ಬಳಿ, ಒಂದು ಮಕ್ಕಳ ಬಳಿ, ಇನ್ನೊಂದು ನಿಮ್ಮ ಊರಿನ ಡಾಕ್ಟರ ಬಳಿ ಇರಲಿ.